ಕದಲದ ಕ್ಯಾಮೆರಾ

ಪರಿಸರದ ಮೇಲೆ ಸಾಕ್ಷ್ಯಚಿತ್ರ ಎಂದರೆ ಈಗೀಗ ಒಂದು ಸಿದ್ಧ ಒಗ್ಗರಣೆ ಇದೆ. ಡ್ರೋನ್ ನಿಧಾನಕ್ಕೆ ಮೇಲೇಳುತ್ತದೆ, ಹಸಿರು ಮುಗಿದು ಕೆಂಪು ಮಣ್ಣಿನ ಗುಂಡಿ ತೆರೆದುಕೊಳ್ಳುತ್ತದೆ, ಹಿನ್ನೆಲೆಯಲ್ಲಿ ಪಿಟೀಲು ಅಳುತ್ತದೆ, ಗಡಸು ದನಿಯೊಂದು ಭೂಮಿತಾಯಿಯ ಬಗ್ಗೆ ಎರಡು ಸಾಲು ಹೇಳುತ್ತದೆ. ನೋಡುವಾಗ ಕರುಳು ಚುರುಕ್ ಎನ್ನುವುದು ನಿಜ. ಆದರೆ ಆ ಗುಂಡಿ ಹತ್ತು ವರ್ಷದ ಹಿಂದೆ ಎಷ್ಟಿತ್ತು ಎಂದು ಮರುದಿನ ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ. ಚಿತ್ರ ಅದನ್ನು ಹೇಳಿರಲೇ ಇಲ್ಲ. ಹಾಳಾದ ಜಾಗವನ್ನು ತೋರಿಸಿತು, ಹಾಳಾಗುವುದನ್ನು ತೋರಿಸಲಿಲ್ಲ. ಇವೆರಡೂ ಒಂದೇ ಎಂದುಕೊಂಡೇ ಎಷ್ಟೋ ಚಿತ್ರಗಳು ತಯಾರಾಗುತ್ತಿವೆ.

ಮನೆಯಲ್ಲಿ ಮಗು ಬೆಳೆದದ್ದು ದಿನಾ ನೋಡುವ ಅಮ್ಮನಿಗೆ ತಿಳಿಯುವುದಿಲ್ಲ, ವರ್ಷಕ್ಕೊಮ್ಮೆ ಬರುವ ಸೋದರತ್ತೆಗೆ ತಿಳಿಯುತ್ತದೆ. ಅಮ್ಮನಿಗೂ ತಿಳಿಯಬೇಕೆಂದರೆ ಬಾಗಿಲ ದಾರಂದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಬೇಕು. ದಾರಂದ ಕದಲುವುದಿಲ್ಲ, ಹಾಗಾಗಿ ಗೀಟಿಗೆ ಬೆಲೆ. ಹಿಮನದಿ ಕರಗುವುದು, ಹವಳದ ದಿಬ್ಬ ಬಿಳಿಚುವುದು, ಹೊಳೆಯಲ್ಲಿ ಹೂಳು ತುಂಬುವುದು, ಇವೆಲ್ಲ ಅಮ್ಮನ ಕಣ್ಣಿಗೆ ಬೀಳದ ಬಗೆಯ ಬದಲಾವಣೆಗಳು. ಇವನ್ನು ಹಿಡಿಯಬೇಕಾದ ಕ್ಯಾಮೆರಾ ಹಾರಬಾರದು, ದಾರಂದದ ಹಾಗೆ ನಿಂತಲ್ಲೇ ನಿಂತಿರಬೇಕು. ಹೇಳುವುದು ಸುಲಭ. ಒಂದು ಕ್ಯಾಮೆರಾವನ್ನು ಒಂದೇ ಕಡೆ ಮೂರು ವರ್ಷ ನಿಲ್ಲಿಸುವುದು ಎಂಥ ಪಡಿಪಾಟಲು ಎಂಬುದು ಆ ಕೆಲಸಕ್ಕೆ ಕೈಹಾಕಿದವರಿಗೇ ಗೊತ್ತು.

ಖಾಲಿ ಕಾರ್ಡು

ಜೆಫ್ ಒರ್ಲೋವ್ಸ್ಕಿ ನಿರ್ದೇಶಿಸಿದ 2012ರ 'ಚೇಸಿಂಗ್ ಐಸ್' ಚಿತ್ರದಲ್ಲಿ ಹಿಮಗಡ್ಡೆ ಕುಸಿಯುವ ದೃಶ್ಯವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ದೃಶ್ಯ ಬಹಳ ಮುಂಚೆಯೇ ಬಂದುಹೋಗುತ್ತದೆ. ಛಾಯಾಗ್ರಾಹಕ ಜೇಮ್ಸ್ ಬೇಲಾಗ್ ತಿಂಗಳುಗಟ್ಟಲೆ ಹಿಮದಲ್ಲಿ ಬಿಟ್ಟುಬಂದಿದ್ದ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಾರೆ, ಒಳಗೆ ಏನೂ ದಾಖಲಾಗಿಲ್ಲ. ನಡುವಯಸ್ಸಿನ, ಹಿಮ ಬಂಡೆಗಳಲ್ಲಿ ಪಳಗಿದ ಮನುಷ್ಯ ಅಲ್ಲೇ ಕುಸಿದು ಅಳುತ್ತಾರೆ. ಜಾಗತಿಕ ತಾಪಮಾನದ ಬಗ್ಗೆ ಬಂದ ನೂರಾರು ಚಿತ್ರಗಳಲ್ಲಿ, ಸಾಕ್ಷ್ಯ ಒಟ್ಟುಮಾಡುವುದು ಎಷ್ಟು ಕಷ್ಟ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಕ್ಷಣ ಇನ್ನೊಂದಿಲ್ಲ.

ಬೇಲಾಗ್ 2007ರಲ್ಲಿ 'ಎಕ್ಸ್‌ಟ್ರೀಮ್ ಐಸ್ ಸರ್ವೆ' ಎಂಬ ಯೋಜನೆ ಶುರುಮಾಡಿದರು. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾ, ಮೊಂಟಾನಾದಲ್ಲಿ ಹಿಮನದಿಗಳ ಎದುರು ಬಂಡೆಗೆ ಕ್ಯಾಮೆರಾ ಬಿಗಿಯುವುದು, ಹಗಲಿರುವಷ್ಟು ಹೊತ್ತೂ ಅವು ತಾವಾಗಿಯೇ ಚಿತ್ರ ತೆಗೆಯುತ್ತ ಇರುವುದು, ಇಷ್ಟೇ ಯೋಜನೆ. ನೀರು ನುಗ್ಗದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ನಿಕಾನ್ ಡಿ200, ಎದುರಿಗೆ ಗಾಜಿನ ಕಿಟಕಿ, ಬ್ಯಾಟರಿ, ಸೋಲಾರ್ ಫಲಕ, ಯಾವಾಗ ಎಚ್ಚರವಾಗಬೇಕು ಎಂದು ಕ್ಯಾಮೆರಾಗೆ ಹೇಳುವ ಪುಟ್ಟ ಟೈಮರ್, ಗಾಳಿಗೆ ಉರುಳದಂತೆ ನಾಲ್ಕೂ ಕಡೆ ಬಿಗಿದ ತಂತಿ. ಈ ಪಟ್ಟಿಯಲ್ಲಿ ಅಂಗಡಿಯಲ್ಲಿ ಸಿಗದೆ ತಾವೇ ಮಾಡಿಸಿಕೊಳ್ಳಬೇಕಾದದ್ದು ಟೈಮರ್. ಮೊದಲು ಕೈಕೊಟ್ಟದ್ದೂ ಅದೇ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದೊಂದು ಎಲೆಕ್ಟ್ರಾನಿಕ್ ಹಲಗೆ ಎಚ್ಚರವಾಗದಿದ್ದರೆ ಲಕ್ಷಾಂತರ ರೂಪಾಯಿಯ ಉಪಕರಣ ಬಂಡೆಯ ಮೇಲಿನ ಇನ್ನೊಂದು ಬಂಡೆ. ಉಳಿದವು ಒಂದೊಂದಾಗಿ ಬಂದವು: ನರಿ ಕೇಬಲ್ ಕಚ್ಚಿತು, ಹಿಮ ಹೂತುಹಾಕಿತು, ಕಲ್ಲು ಉರುಳಿಬಿತ್ತು.

ಲೆಕ್ಕ ಹೀಗೆ. ಅರ್ಧ ಗಂಟೆಗೊಂದರಂತೆ ಬೆಳಕಿರುವಾಗ ತೆಗೆದರೆ ವರ್ಷಕ್ಕೆ ಒಂದು ಕ್ಯಾಮೆರಾದಿಂದ ಸುಮಾರು 8000 ಚಿತ್ರ. ಸೆಕೆಂಡಿಗೆ 24 ಫ್ರೇಮ್ ಓಡಿಸಿದರೆ ಐದೂವರೆ ನಿಮಿಷದ ಸಿನಿಮಾ. ಅದರಲ್ಲಿ ಮಂಜು ಮುಸುಕಿದ್ದು, ಗಾಜಿನ ಮೇಲೆ ಹಿಮ ಅಂಟಿದ್ದು, ಸೂರ್ಯ ನೇರವಾಗಿ ಲೆನ್ಸಿಗೆ ಹೊಡೆದದ್ದು ಎಲ್ಲ ತೆಗೆದರೆ ಉಳಿಯುವುದು ಸ್ವಲ್ಪ. ತೆರೆಯ ಮೇಲೆ ಬರುವುದು ಕೆಲವೇ ಸೆಕೆಂಡು.

ಪೆಟ್ಟಿಗೆ ಮಲೆನಾಡಿಗೆ ಬಂದರೆ

ಇದೇ ಪೆಟ್ಟಿಗೆಯನ್ನು ಆಗುಂಬೆಯಲ್ಲೋ ಕುದುರೆಮುಖದಲ್ಲೋ ಇಟ್ಟರೆ ನರಿಯ ಬದಲು ಇರುವೆ ಬರುತ್ತದೆ. ಕೇಬಲ್ ಒಳಹೋಗುವ ತೂತಿಗೆ ಬಿಗಿಯಾದ ರಬ್ಬರ್ ಬಿರಡೆ ಹಾಕದಿದ್ದರೆ ಒಂದು ಮಳೆಗಾಲದೊಳಗೆ ಪೆಟ್ಟಿಗೆ ಇರುವೆಗೂಡು. ತಂಪಾದ ಪೆಟ್ಟಿಗೆಯ ಗಾಜಿನ ಒಳಮೈಯಲ್ಲಿ ಬೆಳಗಿನ ಹೊತ್ತು ಬೆವರು ಕೂರುತ್ತದೆ, ಹಾಗಾಗಿ ಬೆಳಗಿನ ಏಳು ಗಂಟೆಯ ಚಿತ್ರವೆಲ್ಲ ಹಾಲು ಸುರಿದ ಹಾಗೆ. ಸಿಲಿಕಾ ಜೆಲ್ ಪೊಟ್ಟಣ ಇಡುತ್ತಾರೆ, ಆದರೆ ಅದು ತೇವ ಕುಡಿದು ತುಂಬಿದ ಮೇಲೆ ಪ್ರಯೋಜನವಿಲ್ಲ. ತೆಗೆದು ಒಲೆಯಲ್ಲಿ ಒಣಗಿಸಿ ಮತ್ತೆ ಇಡಬೇಕು. ಬಿಟ್ಟರೆ ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹರಡುತ್ತದೆ. ನಿಜವಾದ ಜೇಡ ಹೊರಗಿನಿಂದ ಗಾಜಿಗೆ ಅಡ್ಡಲಾಗಿ ಬಲೆ ಕಟ್ಟುವುದು ಬೇರೆ ಲೆಕ್ಕ. ಕಿಟಕಿಯ ಸುತ್ತ ನಾಲ್ಕು ಬೆರಳಗಲದ ತಗಡಿನ ಚಾವಣಿ ಕೊಟ್ಟರೆ ಹನಿ ನಿಲ್ಲುತ್ತದೆ, ಜೇಡ ನಿಲ್ಲುವುದಿಲ್ಲ, ಬದಲಾಗಿ ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ.

ಬ್ಯಾಟರಿಯದೇ ದೊಡ್ಡ ತಾಪತ್ರಯ. 12 ವೋಲ್ಟಿನ 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಎಂದರೆ 84 ವ್ಯಾಟ್-ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಬಳಕೆಗೆ ಸಿಗುವುದು 42. ನಿದ್ದೆ, ಎಚ್ಚರ ಎಲ್ಲ ಸೇರಿಸಿ ಸರಾಸರಿ 0.1 ವ್ಯಾಟ್ ಹೀರುವ ವ್ಯವಸ್ಥೆಗೆ ದಿನಕ್ಕೆ 2.4 ವ್ಯಾಟ್-ಅವರ್ ಬೇಕು. ಅಲ್ಲಿಗೆ ಬಿಸಿಲು ಸ್ವಲ್ಪವೂ ಇಲ್ಲದೆ ಹದಿನೇಳು ದಿನ ನಡೆಯುತ್ತದೆ. ಮಲೆನಾಡಿನ ಆಷಾಢದಲ್ಲಿ ಹದಿನೇಳು ದಿನ ಬಿಸಿಲು ಕಾಣದಿರುವುದು ಸುದ್ದಿಯೇ ಅಲ್ಲ. ಆದ್ದರಿಂದ ಬೇಸಿಗೆಯಲ್ಲಿ ಗಂಟೆಗೊಂದು ಚಿತ್ರ ತೆಗೆಯುವವರು ಜೂನ್ ಹೊತ್ತಿಗೆ ದಿನಕ್ಕೆ ಎರಡಕ್ಕೆ ಇಳಿಸಬೇಕು, ಅಥವಾ ಬ್ಯಾಟರಿ ಎರಡು ಪಟ್ಟು ಮಾಡಬೇಕು. ಸೋಲಾರ್ ಫಲಕವನ್ನು ಅಕ್ಷಾಂಶದ ಲೆಕ್ಕದಲ್ಲಿ ದಕ್ಷಿಣಕ್ಕೆ 13 ಡಿಗ್ರಿ ಬಾಗಿಸಬೇಕು ಎಂದು ಪುಸ್ತಕ ಹೇಳುತ್ತದೆ. ಅಷ್ಟು ಮಟ್ಟಸವಾಗಿಟ್ಟರೆ ಎಲೆ ಬಿದ್ದು ಕೊಳೆತು ಪಾಚಿ ಕಟ್ಟುತ್ತದೆ. 30 ಡಿಗ್ರಿಗೆ ನಿಲ್ಲಿಸಿದರೆ ಬೆಳಕು ಸ್ವಲ್ಪ ಕಡಿಮೆ ಸಿಕ್ಕರೂ ಮಳೆಯೇ ಫಲಕ ತೊಳೆಯುತ್ತದೆ.

ಕ್ಯಾಮೆರಾದೊಳಗಿನ ಕಿರಿಕಿರಿ ಇನ್ನೊಂದು. ಪ್ರತಿ ಚಿತ್ರಕ್ಕೂ ಲೆನ್ಸಿನೊಳಗೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳು ಮುಚ್ಚಿ ತೆರೆಯುತ್ತವೆ. ಕಿಂಡಿಯ ಅಳತೆ ಎಫ್8 ಎಂದು ಹೇಳಿದರೂ ಪ್ರತಿ ಸಲ ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಒಂದೊಂದೇ ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ, ಸೆಕೆಂಡಿಗೆ 24ರಂತೆ ಓಡಿಸಿದಾಗ ಹಳೆಯ ಟ್ಯೂಬ್‌ಲೈಟಿನಂತೆ ಮಿಣಮಿಣ ಎನ್ನುತ್ತದೆ. ಅಪರ್ಚರ್ ಪೂರ್ತಿ ತೆರೆದಿಟ್ಟರೆ ಎಲೆಗಳು ಅಲುಗುವುದಿಲ್ಲ. ಅಥವಾ ಕೈಯಲ್ಲಿ ತಿರುಗಿಸುವ ಹಳೆಯ ಲೆನ್ಸ್ ಹಾಕಿಕೊಳ್ಳಬೇಕು. ಆಟೋಫೋಕಸ್ ಬಂದ್, ಫೋಕಸ್ ಉಂಗುರಕ್ಕೆ ಟೇಪು, ವೈಟ್ ಬ್ಯಾಲೆನ್ಸ್ ಒಂದಕ್ಕೇ ಖಾಯಂ. ಕ್ಯಾಮೆರಾಗೆ ಬುದ್ಧಿ ಕಡಿಮೆಯಿದ್ದಷ್ಟೂ ಈ ಕೆಲಸಕ್ಕೆ ಒಳ್ಳೆಯದು.

ಅದೇ ಒರ್ಲೋವ್ಸ್ಕಿಯ 2017ರ ಚಿತ್ರ 'ಚೇಸಿಂಗ್ ಕೋರಲ್'. ಅಲ್ಲಿ ಇದೆಲ್ಲ ನೀರಿನಡಿಯಲ್ಲಿ ನಡೆಯಬೇಕಿತ್ತು. ಗುಂಡನೆಯ ಪಾರದರ್ಶಕ ಗೋಳದೊಳಗೆ ಕ್ಯಾಮೆರಾ, ಪಾಚಿ ಒರೆಸಲು ತಾನಾಗಿ ತಿರುಗುವ ವೈಪರ್, ಎಲ್ಲ ಅಚ್ಚುಕಟ್ಟು. ಮೇಲೆ ತಂದು ನೋಡಿದರೆ ಫೋಕಸ್ಸೇ ಇಲ್ಲ. ಕೊನೆಗೆ ಯಂತ್ರ ಬಿಟ್ಟು ಮನುಷ್ಯರೇ ಯಂತ್ರವಾದರು. 2016ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಲಿಜರ್ಡ್ ದ್ವೀಪದಲ್ಲಿ ಹವಳದ ಹುಚ್ಚು ಹತ್ತಿಸಿಕೊಂಡಿದ್ದ ಝ್ಯಾಕ್ ರೇಗೊ ಎಂಬ ಯುವಕ, ಜೊತೆಗಾರರೊಂದಿಗೆ ದಿನವೂ ಮುಳುಗಿ, ಅವವೇ ಜಾಗಗಳಲ್ಲಿ ಅವವೇ ಕೋನಗಳಿಂದ ಚಿತ್ರ ತೆಗೆದ. ನೀರಿನ ಬಿಸಿ ಮಾಮೂಲಿಗಿಂತ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ಇಳಿಯದಿದ್ದರೆ ಹವಳದ ಜೀವಿ ತನ್ನ ಮೈಯೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಹವಳಕ್ಕೆ ಬಣ್ಣ ಕೊಡುವುದೂ ಆ ಪಾಚಿಯೇ, ಹೆಚ್ಚಿನ ಊಟ ಕೊಡುವುದೂ ಅದೇ, ಹಾಗಾಗಿ ಹವಳ ಮೊದಲು ಬಿಳಿಚುತ್ತದೆ, ಬಿಸಿ ಇಳಿಯದೇ ಹೋದರೆ ಆಮೇಲೆ ಸಾಯುತ್ತದೆ. ಆ ವರ್ಷ ಆ ದಿಬ್ಬದ ಆಳವಿಲ್ಲದ ನೀರಿನ ಹವಳದಲ್ಲಿ ಸುಮಾರು 30% ಸತ್ತಿತು. ರೇಗೊ ತೆಗೆದದ್ದು ಸಾವಿನ ದಿನಚರಿ. ಪ್ರತಿದಿನ ಅದೇ ಹಾಸಿಗೆಯ ಬಳಿ ಹೋಗಿ ಕೂತವನಿಗೆ ಏನಾಗಬಹುದೋ ಅದು ಅವನ ಮುಖದಲ್ಲಿ ಕಾಣುತ್ತದೆ. ಚಿತ್ರದ ತೂಕ ಇರುವುದು ಅಲ್ಲಿ.

ಎಪ್ಪತ್ತೈದು ನಿಮಿಷ, ಐದು ಕೆಆರ್‌ಎಸ್

ಈಗ ಎಲ್ಲರೂ ನೆನಪಿಟ್ಟುಕೊಂಡ ದೃಶ್ಯಕ್ಕೆ ಬರೋಣ. 2008ರ ಮೇ ತಿಂಗಳು, ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್ ಹಿಮನದಿ. ಒರ್ಲೋವ್ಸ್ಕಿ ಮತ್ತು ಬೇಲಾಗ್ ತಂಡದ ಆ್ಯಡಂ ಲಿವಿಂಟರ್ ಎದುರು ಗುಡ್ಡದ ಮೇಲೆ ಗುಡಾರ ಹಾಕಿ ಎರಡು ವಾರಕ್ಕೂ ಹೆಚ್ಚು ಕಾದಿದ್ದಾರೆ. ಒಂದು ದಿನ ಹಿಮದ ಗೋಡೆ ಬಿರಿಯುತ್ತದೆ. ಬಿದ್ದ ತುಂಡು ಮಗುಚಿ ಮೇಲೇಳುತ್ತದೆ, ಅದರ ಹಿಂದಿನದು, ಅದರ ಹಿಂದಿನದು. ಎಪ್ಪತ್ತೈದು ನಿಮಿಷದಲ್ಲಿ 7.4 ಘನ ಕಿಲೋಮೀಟರ್ ಹಿಮ ಸಮುದ್ರಕ್ಕೆ ಜಾರುತ್ತದೆ. ಚಿತ್ರದಲ್ಲಿ ಅದು ನಾಲ್ಕೈದು ನಿಮಿಷ.

ಇಲ್ಲೊಂದು ತೊಡಕಿದೆ. ಆ ಚೌಕಟ್ಟಿನಲ್ಲಿ ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಅಳತೆಗೋಲೇ ಇಲ್ಲದ ಕಡೆ ಬೆಟ್ಟ ಬಿದ್ದರೂ ಒಂದೇ, ಫ್ರಿಜ್ಜಿನ ಮಂಜುಗಡ್ಡೆ ಬಿದ್ದರೂ ಒಂದೇ. ಹಾಗಾಗಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಕಟ್ಟಡಗಳ ಗೆರೆಚಿತ್ರವನ್ನು ಹಿಮದ ಮೇಲೆ ಇಟ್ಟು ತೋರಿಸಬೇಕಾಯಿತು. ನಮಗೆ ಮ್ಯಾನ್‌ಹಟನ್ನಿಗಿಂತ ಟಿಎಂಸಿ ಹತ್ತಿರ. 7.4 ಘನ ಕಿಲೋಮೀಟರ್ ಎಂದರೆ 261 ಟಿಎಂಸಿ. ಹಿಮ ಕರಗಿ ನೀರಾದಾಗ ಕುಗ್ಗುವುದನ್ನು ಕಳೆದರೂ 240ರ ಹತ್ತಿರ. ಕೆಆರ್‌ಎಸ್ ತುಂಬಿದರೆ 49.45 ಟಿಎಂಸಿ. ಹೆಚ್ಚುಕಡಿಮೆ ಐದು ಕೆಆರ್‌ಎಸ್ ನೀರು ಒಂದೂಕಾಲು ಗಂಟೆಯಲ್ಲಿ. ಎರಡು ಟಿಎಂಸಿಗೆ ಹೆದ್ದಾರಿ ಬಂದ್ ಆಗುವ ನಾಡಿನವರಿಗೆ ಇದಕ್ಕಿಂತ ಬೇರೆ ಗೆರೆಚಿತ್ರ ಬೇಡ.

ಶಬ್ದದ ವಿಷಯವೂ ಹೇಳಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಕಿಲೋಮೀಟರ್ ಆಚೆ ಬಿದ್ದ ಹಿಮದ ಸದ್ದು ಗುಡ್ಡದ ಮೇಲಿನವರಿಗೆ ಕೇಳಲು ಒಂಬತ್ತು ಸೆಕೆಂಡು ಬೇಕು. ಸಾಕ್ಷ್ಯಚಿತ್ರಗಳ ಸಂಕಲನದ ಮೇಜಿನಲ್ಲಿ ಇಂಥ ಸದ್ದನ್ನು ಸಾಮಾನ್ಯವಾಗಿ ಹಿಂದಕ್ಕೆಳೆದು ಚಿತ್ರಕ್ಕೆ ಕೂಡಿಸುತ್ತಾರೆ, ಇಲ್ಲದಿದ್ದರೆ ನೋಡುವವರು ತಪ್ಪಾಗಿದೆ ಎಂದುಕೊಳ್ಳುತ್ತಾರೆ. ಇದನ್ನು ಮೋಸ ಎನ್ನಲಾಗದು. ಮೋಸ ಬೇರೆ ಥರ ಇರುತ್ತದೆ. 1958ರ ಡಿಸ್ನಿ ಚಿತ್ರ 'ವೈಟ್ ವಿಲ್ಡರ್‌ನೆಸ್'ನಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಗುಂಪಾಗಿ ಸಮುದ್ರಕ್ಕೆ ಹಾರಿ ಸಾಯುವ ದೃಶ್ಯವಿದೆ. ತೆಗೆದದ್ದು ಸಮುದ್ರವೇ ಇಲ್ಲದ ಕೆನಡಾದ ಆಲ್ಬರ್ಟಾದಲ್ಲಿ, ಪ್ರಾಣಿಗಳು ತಾವಾಗಿ ಹಾರಿದ್ದಲ್ಲ, ದಂಡೆಯಿಂದ ತಳ್ಳಿದ್ದು. ಆ ಚಿತ್ರಕ್ಕೆ ಆಸ್ಕರ್ ಬಂತು.

ಮೇ ತಿಂಗಳ ಕೆರೆ

ಸದ್ದು ಸರಿಸುವುದು, ಲೆಮ್ಮಿಂಗ್ ತಳ್ಳುವುದು, ಇವೆರಡರ ನಡುವೆ, ಮೋಸ ಎಂದು ಮಾಡಿದವರಿಗೂ ಗೊತ್ತಿಲ್ಲದ ಮೋಸ ಒಂದಿದೆ. ಬಯಲುಸೀಮೆಯ ಯಾವುದೇ ಕೆರೆಯ ಅಕ್ಟೋಬರ್ ಚಿತ್ರ ಎಡಕ್ಕೆ, ಮೇ ಚಿತ್ರ ಬಲಕ್ಕೆ ಇಡಿ. ಕೆರೆ ಸತ್ತಿತು ಎಂದು ಯಾರು ಬೇಕಾದರೂ ಅಳುತ್ತಾರೆ. ಕೆರೆ ಸತ್ತಿಲ್ಲ, ಬೇಸಿಗೆ ಬಂದಿದೆ. ಹಿಮನದಿಯೂ ಹಾಗೇ. ಮಾರ್ಚಿನಲ್ಲಿ ಶುರುಮಾಡಿ ಸೆಪ್ಟೆಂಬರಿನಲ್ಲಿ ಮುಗಿಸಿದ, ಬಿಡಿ ಚಿತ್ರಗಳನ್ನು ಒಟ್ಟಿಗೆ ಓಡಿಸುವ ಟೈಮ್‌ಲ್ಯಾಪ್ಸಿನಲ್ಲಿ ಆರೋಗ್ಯವಾಗಿರುವ ಹಿಮನದಿಯೂ ಸೊರಗುತ್ತದೆ. ಹೋಲಿಸುವ ಎರಡು ಚಿತ್ರಗಳ ತಿಂಗಳು ಒಂದೇ ಇರಬೇಕು, ಆದಷ್ಟೂ ವಾರವೂ, ನೆರಳು ಒಂದೇ ಕಡೆ ಬೀಳುವಂತೆ ಹೊತ್ತೂ ಒಂದೇ ಇರಬೇಕು. ಕೆರೆಯಾದರೆ ಆ ವರ್ಷದ ಮಳೆ ಎಷ್ಟು ಎಂಬುದನ್ನೂ ಕೆಳಗೆ ಬರೆಯಬೇಕು. ವಾಟ್ಸ್ಆ್ಯಪಿನಲ್ಲಿ ಓಡಾಡುವ 'ಅಂದು-ಇಂದು' ಚಿತ್ರಗಳಲ್ಲಿ ತಿಂಗಳು ಬರೆದದ್ದು ಹತ್ತಕ್ಕೊಂದು ಸಿಗಬಹುದು.

ತಿಂಗಳು ಸರಿಯಿದ್ದರೂ ಚಿತ್ರ ತೋರಿಸುವುದು ಪರಿಣಾಮವನ್ನು. ಕಾರಣ ಬಹುಮಟ್ಟಿಗೆ ಚೌಕಟ್ಟಿನಾಚೆ. ಅಲಾಸ್ಕಾದ ಕೊಲಂಬಿಯಾ ಹಿಮನದಿ ಎಷ್ಟು ವೇಗವಾಗಿ ಹಿಂದೆ ಸರಿಯಿತೆಂದರೆ ಬೇಲಾಗ್ ತಂಡ ಕ್ಯಾಮೆರಾವನ್ನೇ ಅದರ ಹಿಂದೆ ತಿರುಗಿಸಬೇಕಾಯಿತು, ದಾರಂದವನ್ನೇ ಸರಿಸಿದ ಹಾಗೆ. ಚಿತ್ರದ ಅತಿ ಬಲವಾದ ಸಾಕ್ಷ್ಯ ಎಂದು ಅದನ್ನು ತೋರಿಸುವುದುಂಟು. ಆದರೆ ಕೊಲಂಬಿಯಾ ಸಮುದ್ರಕ್ಕೆ ಮೂತಿಯಿಟ್ಟ ಹಿಮನದಿ. ಅಂಥದ್ದು ತೆಳ್ಳಗಾಗಿ ಒಮ್ಮೆ ತನ್ನ ಆಸರೆಯ ದಿಬ್ಬದಿಂದ ಹಿಂದೆ ಸರಿದರೆ, ಹಿಂದಿರುವ ಆಳದ ನೀರಿನಲ್ಲಿ ತಾನಾಗಿಯೇ ಮುರಿಯುತ್ತ ಹೋಗುತ್ತದೆ. ಬಿಸಿ ಎಷ್ಟು ಏರಿತೋ ಅಷ್ಟೇ ಪ್ರಮಾಣದಲ್ಲಿ ಅದು ಕುಗ್ಗುವುದಿಲ್ಲ. ಹವಾಮಾನದ ಅಳತೆಗೆ ಆ ಒಂದು ನದಿ ಒಳ್ಳೆಯ ಥರ್ಮಾಮೀಟರ್ ಅಲ್ಲ. ಒಂದಲ್ಲ, ಹತ್ತಾರು ಕಡೆ ಕ್ಯಾಮೆರಾ ಇಟ್ಟದ್ದಕ್ಕೇ ಆ ಯೋಜನೆಗೆ ಬೆಲೆ. ಕಣ್ಣಿಗೆ ಹೊಡೆಯುವ ಚಿತ್ರವೇ ಗಟ್ಟಿ ಸಾಕ್ಷ್ಯ ಎಂದುಕೊಳ್ಳುವುದು ಬೇಡ. ಬೆಳ್ಳಂದೂರು ಕೆರೆಯ ನೊರೆ ಇದಕ್ಕೆ ನಮ್ಮ ಮನೆಬಾಗಿಲ ಉದಾಹರಣೆ. ಕೋಡಿಯಿಂದೆದ್ದು ರಸ್ತೆಗೆ ಹಾರುವ ಬಿಳಿ ನೊರೆಯನ್ನು ದೇಶವೆಲ್ಲ ನೋಡಿದೆ. ಸೋಪು ಪುಡಿ ಕಲೆತ ಕೊಳಚೆ ನೀರು ಕೋಡಿಯಲ್ಲಿ ಧುಮುಕುವಾಗ ಗಾಳಿ ಕಡೆದು ನೊರೆಯಾಗುತ್ತದೆ ಎಂಬುದು ಸರಿ, ಆದರೆ ಆ ಕೊಳಚೆ ಯಾವ ರಾಜಕಾಲುವೆಯಿಂದ, ಯಾವ ಬಡಾವಣೆಯಿಂದ ಬಂತು ಎಂಬುದನ್ನು ಯಾವ ಡ್ರೋನೂ ತೋರಿಸಲಿಲ್ಲ. ಕೊಳವೆ ಫೋಟೋಜೆನಿಕ್ ಅಲ್ಲ.

ಕಾರಣವೂ ಪರಿಣಾಮವೂ ಒಂದೇ ಕಣಿವೆಯಲ್ಲಿ ಸಿಕ್ಕಿದ ಅಪರೂಪದ ಪ್ರಕರಣ ಕುದುರೆಮುಖ. ಶೇಖರ್ ದತ್ತಾತ್ರಿ 2001ರಲ್ಲಿ 'ಮೈಂಡ್‌ಲೆಸ್ ಮೈನಿಂಗ್' ಎಂಬ ಕಿರುಚಿತ್ರ ಮಾಡಿದರು. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಭದ್ರೆಯ ಮೇಲ್ಕಣಿವೆಯಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಅಗೆದು, ಪುಡಿಮಾಡಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. ಉಳಿದ ಕೆಸರಿಗೆ 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು. ವರ್ಷಕ್ಕೆ 6000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಡೆ ಬೆಟ್ಟದ ಚರ್ಮ ಸುಲಿದರೆ ಮಣ್ಣು ಹೊಳೆಗೇ ಬರಬೇಕು. ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ಚೆಂದದ ಟೌನ್‌ಶಿಪ್, ಸರೋವರ, ಹುಲ್ಲುಬೆಟ್ಟ ಕಾಣುತ್ತಿತ್ತು. ಹೂಳು ಕಾಣುವುದು ಮಳೆಗಾಲದಲ್ಲಿ. ಅಂದರೆ ಕ್ಯಾಮೆರಾ ಹೊರತೆಗೆಯಲು ಯಾರೂ ಇಷ್ಟಪಡದ ತಿಂಗಳುಗಳಲ್ಲೇ ಅದನ್ನು ಹೊರತೆಗೆಯಬೇಕಿತ್ತು. ಭದ್ರೆ ಇಟ್ಟಿಗೆಗೂಡಿನ ನೀರಿನಂತೆ ಹರಿಯುವುದನ್ನು ಚಿತ್ರ ತೋರಿಸಿದ್ದು ಹಾಗೆ.

ಚಿತ್ರದಿಂದಲೇ ಗಣಿ ನಿಂತಿತು ಎಂದರೆ ಉತ್ಪ್ರೇಕ್ಷೆ. ನಾಗರಹೊಳೆಯ ಮಾಜಿ ರೇಂಜರ್ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಕರಣವಿತ್ತು, ಹೊಳೆಯ ಹೂಳನ್ನು ಅಳೆದ ವಿಜ್ಞಾನಿಗಳಿದ್ದರು, ಬೀದಿಗಿಳಿದ ಮಲೆನಾಡಿನವರಿದ್ದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಅಗೆತ ನಿಂತಿತು. ಚಿತ್ರ ಮಾಡಿದ ಕೆಲಸ ಸಣ್ಣದು, ಖಚಿತವಾದದ್ದು: ಜುಲೈಯಲ್ಲಿ ಅಲ್ಲಿಗೆ ಹೋಗಲಾರದವರಿಗೆ ಜುಲೈ ತೋರಿಸಿತು.

ಸರಳು ಹುಗಿಯುವುದು

ಗಣಿ ನಿಂತ ಮೇಲೆ ಆ ಬೆಟ್ಟ ಏನಾಗುತ್ತಿದೆ ಎಂಬುದು ಇನ್ನೊಂದು ಚಿತ್ರ. ಇದಕ್ಕೆ ಪೆಟ್ಟಿಗೆ, ಸೋಲಾರ್ ಯಾವುದೂ ಬೇಡ. ಹುಲ್ಲು ಹಿಡಿಯುವ ವೇಗಕ್ಕೆ ವರ್ಷಕ್ಕೊಂದು ಫೋಟೋ ಸಾಕು. 12 ಮಿಲಿಮೀಟರಿನ ಕಬ್ಬಿಣದ ಸರಳು ಎರಡು ಅಡಿ, ಅರ್ಧಕ್ಕೂ ಹೆಚ್ಚು ನೆಲದೊಳಗೆ, ಸುತ್ತ ಗಾರೆ. ಲೆನ್ಸಿನ ಎತ್ತರ ಸರಳಿನ ತುದಿಯಿಂದ ಇಷ್ಟು ಸೆಂಟಿಮೀಟರ್ ಎಂದು ಬರೆದಿಡಬೇಕು. ಮೊಬೈಲಿನ ಜಿಪಿಎಸ್ ನಂಬಿಕೊಂಡರೆ ಬಯಲಲ್ಲೇ ಮೂರರಿಂದ ಐದು ಮೀಟರ್ ತಪ್ಪುತ್ತದೆ, ಮರದಡಿ ಇನ್ನೂ ಹೆಚ್ಚು. ಸರಳೇ ಸಿಗದಿದ್ದರೆ ಹಳೆಯ ಫೋಟೋದ ಪ್ರಿಂಟು ಕೈಯಲ್ಲಿ ಹಿಡಿದು, ಹತ್ತಿರದ ಬಂಡೆಯ ಅಂಚು ದೂರದ ಶಿಖರದ ಯಾವ ಭಾಗಕ್ಕೆ ತಾಗಿತ್ತು ಎಂದು ನೋಡಿ, ಅದೇ ಥರ ತಾಗುವವರೆಗೆ ಎಡಕ್ಕೆ ಬಲಕ್ಕೆ ಸರಿಯಬೇಕು. ಆಮೇಲೆ ಎರಡು ಹತ್ತಿರದ ಗುರುತುಗಳ ನಡುವಿನ ಅಂತರವನ್ನು ಎರಡು ಶಿಖರಗಳ ನಡುವಿನ ಅಂತರದೊಂದಿಗೆ ಹೋಲಿಸುತ್ತ ಮುಂದೆ ಹಿಂದೆ ಸರಿಯಬೇಕು. ಲೆನ್ಸ್ ಬೇರೆಯಾದರೆ ಆಮೇಲೆ ಕತ್ತರಿಸಿ ಸರಿಮಾಡಬಹುದು, ನಿಂತ ಜಾಗ ತಪ್ಪಿದರೆ ಯಾವ ಸಾಫ್ಟ್‌ವೇರೂ ಸರಿಮಾಡುವುದಿಲ್ಲ. ಐದಾರು ವರ್ಷದಲ್ಲಿ ಸರಳಿನ ಮುಂದೆಯೇ ಲಂಟಾನ ಬೆಳೆದು ಅಡ್ಡ ನಿಲ್ಲುತ್ತದೆ. ಅದನ್ನು ಸವರಬಾರದು, ಅದೂ ದಾಖಲೆಯೇ. ಹಾಗಾಗಿ ಮೊದಲೇ ಬಂಡೆಯ ನೆತ್ತಿ ಹುಡುಕಿಕೊಳ್ಳುವುದು ಜಾಣತನ. ಜಾಗ ರಾಷ್ಟ್ರೀಯ ಉದ್ಯಾನದೊಳಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಪ್ರತಿ ವರ್ಷವೂ ಬೇಕು.

ಜನವರಿ ಒಳ್ಳೆಯದು, ಆಕಾಶ ತೊಳೆದಿರುತ್ತದೆ, ಬೆಂಕಿಯ ಹೊಗೆ ಇನ್ನೂ ಎದ್ದಿರುವುದಿಲ್ಲ. ಅಗೆತ ನಿಂತ ಮರುದಿನವೇ, 2006ರ ಜನವರಿಯಲ್ಲಿ, ಯಾರಾದರೂ ಲಕ್ಯಾ ದಂಡೆಯ ಎದುರು ಮೊದಲ ಫೋಟೋ ತೆಗೆದಿದ್ದರೂ, ಸಿನಿಮಾದ ಲೆಕ್ಕದಲ್ಲಿ ಒಂದು ಸೆಕೆಂಡ್ ಪೂರ್ತಿಯಾಗಲು ಬೇಕಾದ 24ನೆಯ ಫ್ರೇಮ್ ತೆಗೆಯುವುದು 2029ರ ಜನವರಿಯಲ್ಲಿ.